ಕಡಿಮೆ ಬಿದ್ದ ಒಂದು ಲೋಟ ಹಾಲು

ರಕ್ತದ ವರದಿ ಬರುವ ಮೊದಲೇ ಸಿದ್ದಲಿಂಗವ್ವ ಸೊಸೆಯ ಸೀರೆಗಳನ್ನು ಚೀಲಕ್ಕೆ ತುಂಬಿದ್ದಳು. ಕಳ್ಳತನ ಸಾಬೀತಾಗುವುದಷ್ಟೇ ಬಾಕಿ. ಆಮೇಲೆ ರೋಣದ ಆಸ್ಪತ್ರೆಯಿಂದಲೇ ಯಾವಗಲ್ ಊರಿನ ಬಸ್ಸು, ಸೊಸೆಯ ತವರುಮನೆ.

"ಚೀಲ ನೀನ ಹಿಡ್ಕೊ," ಎಂದಳು. "ನಿಂದ ಐತಿ."

ಶಾಂಭವಿ ಹಿಡಿದುಕೊಂಡಳು.

ಕಳುವಾಗುತ್ತಿದ್ದದ್ದು ಹಾಲು. ಮುಶಿಗೇರಿಯ ಆ ಮನೆಯಲ್ಲಿ ಎಮ್ಮೆಯ ಹಸಿಹಾಲು ಗಂಡಸರ ಪಾಲು. ಮಾವ ತೋಟಪ್ಪನಿಗೊಂದು ಲೋಟ, ಗಂಡ ಗುರುಪಾದನಿಗೊಂದು ಲೋಟ, ನೊರೆ ಆರುವ ಮೊದಲೇ. ಕಾಸಿದರೆ ಹಾಲಿನ ಶಕ್ತಿ ಹೋಗುತ್ತದೆಂಬುದು ಸಿದ್ದಲಿಂಗವ್ವನ ಶಾಸ್ತ್ರ. ಹೆಂಗಸರಿಗೆ ಶಕ್ತಿಯ ಅಗತ್ಯವಿರಲಿಲ್ಲ, ಅವರಿಗೆ ಕೆಲಸವಿತ್ತು. ಸಿದ್ದಲಿಂಗವ್ವನಂತೂ ಮೊಮ್ಮಗನಿಗಾಗಿ ಹರಕೆ ಹೊತ್ತು, ವರ್ಷದಿಂದ ಹಾಲನ್ನೇ ಬಿಟ್ಟಿದ್ದಳು. ಇದನ್ನು ತಿಳಿಯದವರು ಓಣಿಯಲ್ಲಿ ಯಾರೂ ಇರಲಿಲ್ಲ. ಹೇಳದೆ ಅವಳು ಯಾರನ್ನೂ ಬಿಟ್ಟಿರಲಿಲ್ಲ.

ಬೆಳಿಗ್ಗೆ ಗುರುಪಾದ ಕೊಟ್ಟಿಗೆಯಲ್ಲಿ ಹಿಂಡುತ್ತಿದ್ದ. ಶಾಂಭವಿ ತಂಬಿಗೆಯನ್ನು ದೇವರ ಜಗಲಿಯ ಮುಂದೆ ತಂದಿಡುತ್ತಿದ್ದಳು. ಅತ್ತೆ ಪೂಜೆ ಮುಗಿಸಿ ಹಂಚುತ್ತಿದ್ದಳು. ದಿನವೂ ಒಂದು ಲೋಟದಷ್ಟು ಕಡಿಮೆ. ತನ್ನ ಲೋಟ ಅರ್ಧಕ್ಕಿಳಿದಾಗ ತೋಟಪ್ಪ ಗೊಣಗಿದ.

"ನನ್ನೇನ ಕೇಳ್ತೀರಿ? ನಿಮ್ಮ ಸೊಸಿನ್ನ ಕೇಳ್ರಿ," ಎಂದಳು ಸಿದ್ದಲಿಂಗವ್ವ. "ಕೊಟಗಿಯಿಂದ ಜಗಲಿಗೆ ಹತ್ತ ಹೆಜ್ಜಿ. ಅಷ್ಟರಾಗ ಹಾಲಿಗೆ ರೆಕ್ಕಿ ಬರ್ತಾವೇನು?"

ಎರಡು ತಿಂಗಳಿಂದ ಗಂಡಸರಿಬ್ಬರಿಗೂ ಸಂಜೆಯಾದರೆ ಜ್ವರ, ಬೆವರು, ಸೊಂಟನೋವು. ಸಿದ್ದಲಿಂಗವ್ವನಿಗೂ ಮೊಣಕಾಲು ಹಿಡಿದಿತ್ತು. ಸೊಸೆ ಕಾಲು ಒತ್ತದಿರುವುದೇ ಕಾರಣವೆಂದು ಅವಳೇ ಕಂಡುಹಿಡಿದಿದ್ದಳು. ಇದು ದನಗಳಿಂದ ಬರುವ ಜ್ವರ, ಹಸಿಹಾಲು ಕುಡಿದರೆ ಅಂಟುತ್ತದೆ ಎಂದು ರೋಣದ ಡಾಕ್ಟರು ಅಬ್ದುಲಮಜೀದ ಹೇಳಿ, ನಾಲ್ವರ ರಕ್ತವನ್ನೂ ತೆಗೆದುಕೊಂಡರು.

"ಅಂದ್ರ ಕದ್ದು ಕುಡದಾರದೂ ರಕ್ತದಾಗ ಸಿಗತೈತಿ ಅನ್ರಿ?" ಸಿದ್ದಲಿಂಗವ್ವ ಎಲ್ಲರಿಗಿಂತ ಮೊದಲು ತೋಳು ಚಾಚಿದ್ದಳು.

ಶಾಂಭವಿಗೆ ಭಯ. ಅವಳ ಮೈಯೂ ಸಂಜೆಯಾದರೆ ಸುಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಆ ಮನೆಯಲ್ಲಿ ಜ್ವರವೂ ಗಂಡಸರ ಪಾಲೇ. ಹಾಲನ್ನು ಅವಳು ಕುಡಿದಿರಲಿಲ್ಲ. ಆದರೂ ಎಷ್ಟು ಸಲ ಕಳ್ಳಿ ಎನಿಸಿಕೊಂಡಿದ್ದಳೆಂದರೆ, ತಂಬಿಗೆ ತೊಳೆಯುವಾಗ ಎಂದಾದರೂ ಬೆರಳು ನೆಕ್ಕಿದ್ದೆನೇ ಎಂದು ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಿದ್ದಳು. ತವರಿನಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಕಳ್ಳಿಯೆಂದು ಹೊರಬಿದ್ದ ಅಕ್ಕನಿರುವ ಮನೆಗೆ ಯಾರು ಬರುತ್ತಾರೆ?

ಡಾಕ್ಟರು ವರದಿಯ ಕಾಗದ ಬಿಡಿಸಿದರು. "ಯಜಮಾನರಿಗೆ ಐತಿ, ಮಗಗ ಐತಿ. ಶಾಂಭವಿಗೂ ಐತಿ."

ಸಿದ್ದಲಿಂಗವ್ವ ಚಪ್ಪಾಳೆ ತಟ್ಟಿದಳು. ಗಂಡ, ಮಗನ ರೋಗಕ್ಕೆ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದ್ದನ್ನು ಡಾಕ್ಟರು ಮೊದಲ ಸಲ ನೋಡಿದರು.

"ಕೇಳಿದೇನೋ ಗುರುಪಾದಾ? ನಿನ್ನ ಹೇಂತಿ ರಕ್ತನ ಸಾಕ್ಷಿ ಹೇಳಾಕತ್ತೈತಿ!"

"ತಡೀರಿ ಅವ್ವಾರ. ಇದು ಬರೇ ಹಾಲಿನಿಂದ ಬರೂದಲ್ಲ. ಎಮ್ಮಿ ದಿನಾ ತುಂಬೂದ್ರಾಗ ಸತ್ತ ಕರ ಹಾಕಿತ್ತೇನು?"

"ಹೂಂರಿ, ಮೂರ ತಿಂಗಳಾತು," ಎಂದ ಗುರುಪಾದ.

"ಅದನ್ನ ಯಾರ ಎಳದು ತಗದ್ರು?"

ಗುರುಪಾದ ನೆಲ ನೋಡಿದ. "ಈಕಿರೀ. ಬರಿಗೈಲೆ. ಅವ್ವ ಹೇಳಿದ್ಲು."

"ರೋಗ ಅಂಟಾಕ ಅಷ್ಟ ಸಾಕು. ಹಾಲ ಕುಡೀಬೇಕಂತಿಲ್ಲ."

ಶಾಂಭವಿ ಚೀಲವನ್ನು ಕೆಳಗಿಟ್ಟಳು. ಬೆರಳುಗಳು ಮಾತ್ರ ಮಡಚಿಕೊಂಡೇ ಇದ್ದವು.

"ನೀವೂ ಕೈ ಹಚ್ಚಿದ್ರೇನು ಅವ್ವಾರ?"

"ಶಿವಶಿವಾ! ಆ ಹೇಸಿಗ್ಯಾಗ ನಾ ಕೈ ಹಾಕತೀನೇನ್ರಿ? ಕೊಟಗಿ ಹೊಸ್ತಿಲಾ ತುಳದು ವರ್ಷಾತು."

ಡಾಕ್ಟರು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ನಾಲ್ಕೂ ಮಂದ್ಯಾಗ ನಿಮ್ಮ ರಕ್ತದಾಗನ ಎಲ್ಲಾರಕಿಂತ ಹೆಚ್ಚೈತಲ್ರಿ."

ತೋಟಪ್ಪ ಹೆಂಡತಿಯ ಕಡೆ ನಿಧಾನವಾಗಿ ತಿರುಗಿದ.

"ಅದು ಹಾಲಲ್ರಿ," ಎಂದಳು ಸಿದ್ದಲಿಂಗವ್ವ, "ದೇವರ ಮುಂದಿಟ್ಟದ್ದು, ಪ್ರಸಾದ!"