ಅರ್ಧಕ್ಕೆ ಕಟ್ಟಿದ ಹಗ್ಗ

“ಬೋರ್ ಇರೋ ಮೂಲೆ ನೀನಿಟ್ಕೊಂಡು ನಂಗೆ ರಸ್ತೆ ಕಡೆ ಕೊಡ್ತೀಯಾ? ಭಾಳ ಚೆನ್ನಾಗಿದೆ ಕಣೋ!” ಎಂದಳು ಗಂಗಲಕ್ಷ್ಮಮ್ಮ.

ಹಾಗಲವಾಡಿಯಲ್ಲಿ ಅಪ್ಪ ಬಿಟ್ಟುಹೋದ ರಾಗಿ ಹೊಲ ಮೂರು ಮೂಲೆಯದು. ರಸ್ತೆ ಕಡೆ ಅಗಲ. ಎರಡು ಪಕ್ಕದ ಬದುಗಳೂ ಹೋಗಿ ಹೋಗಿ ಬೋರಿನ ಹತ್ತಿರ ಒಂದಾಗುತ್ತವೆ. ತಮ್ಮ ರಾಮಾಂಜಿನಯ್ಯ ಎರಡೂ ಬದುಗಳ ಸರಿ ಅರ್ಧಕ್ಕೆ ಗೂಟ ಬಡಿದು, ರಸ್ತೆಗೆ ಸಮಾನಾಂತರವಾಗಿ ಹಗ್ಗ ಕಟ್ಟಿದ್ದ. ಟೇಪಿನ ಇನ್ನೊಂದು ತುದಿ ಹಿಡಿದವಳು ಅವನ ಹೆಂಡತಿ ಹನುಮಮ್ಮ. ಗಂಡನ ಅಕ್ಕನಿಗೆ ಒಂದು ಗೇಣು ಹೆಚ್ಚು ಹೋದರೂ ಮೂರು ದಿನ ಒಲೆ ಹಚ್ಚದ ಹೆಂಗಸು.

“ಎರಡು ಬದೂ ಅರ್ಧ ಅರ್ಧ ಅಕ್ಕ. ನಿನ್ನ ಕಡೆಗೆ ಪೈಪ್ ಎಳೆದು ನೀರು ಬಿಡ್ತೀನಿ.”

“ಇವತ್ತು ಬಿಡ್ತೀಯ, ನಾಳೆ ಬೀಗ ಹಾಕ್ತೀಯ.”

ಅನುಮಾನಕ್ಕೆ ಮದ್ದುಂಟೆ? ಕುಣಿಗಲ್‌ನಲ್ಲಿ ಬಸ್ ಹತ್ತಿದಾಗಿನಿಂದ ಅವಳಿಗೆ ಅದೇ ಯೋಚನೆ. ಸತ್ಯಮಂಗಲದ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಇವನು ಅಳತೆಯಲ್ಲಿ ಪಳಗಿದವನು. ಇವನ ಐಟಿಐ ಓದಿಗೆ ಮದುವೆಯ ಓಲೆ ಬಿಚ್ಚಿಕೊಟ್ಟವಳು ತಾನೇ. ಉಂಡೂ ಹೋದ ಕೊಂಡೂ ಹೋದ ಅನ್ನುವುದು ಇಂಥವರಿಗೇ!

“ನಂಗೆ ಬೋರ್ ಕಡೆನೇ ಬೇಕು.”

ರಾಮಾಂಜಿನಯ್ಯನ ಮುಖ ಸಪ್ಪಗಾಯಿತು. “ಬ್ಯಾಡ ಕಣಕ್ಕ, ನನ್ ಮಾತು ಕೇಳು. ರಸ್ತೆ ಕಡೆದೇ ನಿಂಗೆ ಒಳ್ಳೇದು.” ಇನ್ನೇನೋ ಹೇಳಲು ಹೋಗಿ, ಹೆಂಡತಿಯತ್ತ ನೋಡಿ ಬಾಯಿ ಮುಚ್ಚಿಕೊಂಡ.

ಆ ನೋಟವೊಂದೇ ಸಾಕಾಯಿತು ಗಂಗಲಕ್ಷ್ಮಮ್ಮನಿಗೆ. ಗಂಡ ಹೆಂಡತಿ ಸೇರಿ ಏನೋ ಹೂಡಿದ್ದಾರೆ. “ಅರ್ಧ ಅರ್ಧ ಅಂದ್ಮೇಲೆ ಯಾವ ಕಡೆ ಆದ್ರೇನು? ಯಾಕೆ ಬ್ಯಾಡ, ಹೇಳು!”

ಹನುಮಮ್ಮ ಬೋರಿನತ್ತ ನೋಡಿದಳು, ಆಮೇಲೆ ರಸ್ತೆಯತ್ತ. “ಅತ್ಗೆ ಕೇಳಿದ್ದನ್ನೇ ಕೊಟ್ಬುಡಿ. ರಸ್ತೆ ಪಕ್ಕ ಅಂಗಡಿನಾದ್ರೂ ಹಾಕ್ಬೋದು,” ಎಂದವಳು ಕಾಫಿ ತರಲು ಪಕ್ಕದಲ್ಲೇ ಇದ್ದ ಮನೆಗೆ ಹೊರಟಳು. ರಾಮಾಂಜಿನಯ್ಯ ಗೂಟದ ಹತ್ತಿರ ಹೋಗಿ ಕೂತ.

ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಗಳು ಸುಧಾ ಸ್ಕೂಲು ಮುಗಿಸಿ ಸ್ಕೂಟರ್‌ನಲ್ಲಿ ಬಂದಾಗ ಗಂಗಲಕ್ಷ್ಮಮ್ಮ ಬೀಗುತ್ತಾ ಎಲ್ಲವನ್ನೂ ಹೇಳಿದಳು. ಸುಧಾ ಹಗ್ಗವನ್ನು ನೋಡಿದಳು. ನಗಲಿಲ್ಲ. ಕಡ್ಡಿಯೊಂದನ್ನು ತೆಗೆದುಕೊಂಡು ಮಣ್ಣಿನಲ್ಲಿ ಹೊಲ ಬರೆದಳು, ನಡುವೆ ಹಗ್ಗ ಬರೆದಳು, ಹಗ್ಗದ ಎರಡು ತುದಿಯಿಂದಲೂ ರಸ್ತೆಯ ಮಧ್ಯಕ್ಕೆ ಒಂದೊಂದು ಗೆರೆ ಎಳೆದಳು. ನಾಲ್ಕು ತ್ರಿಕೋನಗಳಾದವು.

“ಬದು ಅರ್ಧ ಆದ್ರೆ ಹೊಲ ಅರ್ಧ ಆಗಲ್ಲಮ್ಮ. ಈ ನಾಲ್ಕೂ ಒಂದೇ ಸಮ. ಬೋರ್ ಕಡೆ ಒಂದು, ರಸ್ತೆ ಕಡೆ ಮೂರು. ಮಾವ ನಿಂಗೆ ಮೂರು ಕೊಟ್ಟಿದ್ರು. ನೀನು ಜಗಳ ಮಾಡಿ ಒಂದು ಇಸ್ಕೊಂಡಿದೀಯ.”

ಗಂಗಲಕ್ಷ್ಮಮ್ಮನಿಗೆ ಹೊಲಕ್ಕಿಂತ ಹೆಚ್ಚಾಗಿ ತಾನಾಡಿದ ಮಾತುಗಳು ಚುಚ್ಚಿದವು. “ರಾಮಾಂಜಿ, ನಿಂಗೆ ಇದು ಮೊದಲೇ...” ಎಂದು ಕೂಗಿದಳು.

ಹನುಮಮ್ಮ ಕಾಫಿ ಲೋಟಗಳನ್ನು ಹಿಡಿದು ಬದುವಿನ ಮೇಲೆ ಬರುತ್ತಿದ್ದಳು. ಅವಳನ್ನು ಕಂಡು ರಾಮಾಂಜಿನಯ್ಯ ದಡಬಡನೆ ಎದ್ದು ಬಂದ. “ಕಾಫಿ ಬಂತು, ಕುಡಿಯಕ್ಕ,” ಎನ್ನುತ್ತಾ ಚಪ್ಪಲಿಗಾಲಿನಿಂದ ನಾಲ್ಕೂ ತ್ರಿಕೋನಗಳನ್ನು ಉಜ್ಜಿ ಅಳಿಸಿಬಿಟ್ಟ.