ಬಿಳಿ ಬಟ್ಟೆಯೊಳಗಿನ ರೊಟ್ಟಿ

ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ನನಗೆ ಇಂದಿಗೂ ಹಸಿವಿಗಿಂತ ಮೊದಲು ಸಿಟ್ಟು ಬರುತ್ತದೆ.

ಕುಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲೇ ಆಗ ಭಾನುವಾರದ ಪ್ರಾರ್ಥನೆ ನಡೆಯುತ್ತಿತ್ತು. ಅಂದು ಪಟ್ಟಣದ ಪಾಸ್ಟರು, ಯೇಸುವಿನ ನೆನಪಿಗೆ ಎಲ್ಲರಿಗೂ ಹಂಚುವ ಪ್ರಭುವಿನ ಭೋಜನಕ್ಕೆ ಬ್ರೆಡ್ ತರುವುದನ್ನು ಮರೆತು ಬಂದಿದ್ದರು. ಆ ಭೋಜನಕ್ಕೆಂದೇ ಉಪವಾಸವಿದ್ದ ಅವ್ವ ತೆಳ್ಳಗೆ ಒಂದು ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಮುಂದಿಟ್ಟಳು.

"ದಿನಾ ತಿನ್ನೂ ರೊಟ್ಟಿ ಇದು, ನಡಿಯೂದಿಲ್ಲವ್ವ. ಮುಂದಿನ ವಾರ ಮಾಡೂಣು," ಎಂದರು ಪಾಸ್ಟರು.

"ನೀರನ್ನ ದ್ರಾಕ್ಷಾರಸ ಮಾಡಿದಾಂವಗ ನನ್ನ ರೊಟ್ಟಿ ಸೇರೂದಿಲ್ಲೇನ್ರಿ?" ಎಂದಳು ಅವ್ವ.

ಪಾಸ್ಟರು ಕಣ್ಣು ಮುಚ್ಚಿ ಪ್ರಾರ್ಥನೆ ಮುಗಿಸಿದರು.

ಆಮೇಲೆ ಊಟಕ್ಕೆ ಕೂತು, ಕಡಲೆಹಿಟ್ಟಿನ ಜುಣಕದ ಜೊತೆ ನಾಲ್ಕು ರೊಟ್ಟಿ ತಿಂದು, "ಇನ್ನೊಂದ್ ಹಾಕವ್ವ," ಎಂದರು. ಬುಟ್ಟಿ ಖಾಲಿಯಾಗಿತ್ತು. ಅವರ ಕಣ್ಣು ಬಿಳಿ ಬಟ್ಟೆಯ ಕಡೆ ಹೋಯಿತು.

ಅವ್ವ ಅದನ್ನು ಎದೆಗವಚಿಕೊಂಡಳು.

"ಇದು ಯೇಸುಸ್ವಾಮೀದ್ರಿ. ನಿಮ್ದಲ್ಲ."