ಮೆಣಸಿನಕಾಯಿ ಮೇಲೆ ಹೊರಿಸಿದ ತಪ್ಪು

ಅಕ್ಕ ಏನು ನುಂಗುತ್ತಿದ್ದಳು ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಎಲ್ಲಾದರೂ ಮೆಣಸಿನಕಾಯಿ ಹುರಿದ ಘಾಟು ಬಂದರೆ ನನಗೆ ಕೆಮ್ಮಿಗಿಂತ ಮೊದಲು ನನ್ನ ಮೇಲೇ ಸಿಟ್ಟು ಬರುತ್ತದೆ.

ಆಗ ನಾವು ಸಾರಕ್ಕಿಯಲ್ಲಿದ್ದೆವು. ದಿನವಿಡೀ ಬಟ್ಟೆ ಹೊಲಿಯುತ್ತಿದ್ದ ಅಕ್ಕ ಬೆನ್ನುನೋವಿಗೆ ಬರಿಹೊಟ್ಟೆಯಲ್ಲೇ ಮಾತ್ರೆ ನುಂಗುತ್ತಿದ್ದಳು. ಮೆಡಿಕಲ್ ಶಾಪಿನಿಂದ ತಂದುಕೊಡುತ್ತಿದ್ದವಳು ನಾನು. "ಅಮ್ಮಂಗೆ ಹೇಳ್ಬೇಡ ಕಣೇ, ಹೊಲಿಗೆ ಮಿಷನ್ ಮಾರಿಬಿಡ್ತಾಳೆ" ಅಂದಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಅಕ್ಕ ಹೊಟ್ಟೆ ಹಿಡಿದು ಮುದುಡಿದಳು. ಅಮ್ಮ ಅವಳ ತಟ್ಟೆಯ ಹುರಿದ ಮೆಣಸಿನಕಾಯಿ ಕಿತ್ತುಕೊಂಡು ಬೀದಿಗೆ ಎಸೆದಳು.

"ತಿನ್ನು, ಇನ್ನಷ್ಟು ಖಾರ ತಿನ್ನು. ಹೊಟ್ಟೆ ಹುಣ್ಣಾಗ್ದೆ ಇನ್ನೇನಾಗುತ್ತೆ?"

"ತಣ್ಣಗಿನ ಹಾಲು ಕೊಡೇ, ಎಲ್ಲಾ ಇಳಿಯುತ್ತೆ" ಎಂದಳು ಅಜ್ಜಿ.

ನನ್ನ ಜೇಬಿನಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ ಇತ್ತು. ಅದರ ಚೂಪು ಅಂಚು ಬೆರಳಿಗೆ ಚುಚ್ಚುತ್ತಿತ್ತು. ನಾನು, "ಹೂಂ ಅಮ್ಮ, ನಿನ್ನೆನೂ ನಾಲ್ಕು ಮೆಣಸಿನಕಾಯಿ ತಿಂದ್ಲು" ಎಂದೆ.

ಸಂಜೆ ಅಕ್ಕ ಕೇಳಿದಳೆಂದು ಹೊಟ್ಟೆನೋವಿಗೂ ಅದೇ ಮಾತ್ರೆ ತಂದುಕೊಟ್ಟೆ. ಮೂರನೇ ದಿನ ಅವಳು ರಕ್ತ ಕಾರಿಕೊಂಡಳು.

"ಇದು ಖಾರದಿಂದ ಆಗಿದ್ದಲ್ಲ, ನೋವಿನ ಮಾತ್ರೆಯಿಂದ. ಯಾರು ತಂದ್ಕೊಡ್ತಿದ್ರು?" ಎಂದು ಆಸ್ಪತ್ರೆಯ ಡಾಕ್ಟರ್ ಗದರಿದರು.

"ನಾನೇ ತಗೋತಿದ್ದೆ" ಎಂದಳು ಅಕ್ಕ. ಆಗಲೂ ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಕಳೆದ ಭಾನುವಾರ ಊಟದ ಹೊತ್ತಿಗೆ, ಇವತ್ತಿಗೂ ಖಾರವನ್ನೇ ದೂರುವ ಅಮ್ಮ ಮತ್ತೆ ಅಕ್ಕನ ತಟ್ಟೆಯಿಂದ ಮೆಣಸಿನಕಾಯಿ ಎತ್ತಿದಳು. ನಾನು ಅಮ್ಮನ ಕೈ ಹಿಡಿದೆ.

"ಬಿಡಮ್ಮ, ಅವಳು ತಿನ್ಲಿ. ಆವತ್ತು ಮಾತ್ರೆ ತಂದ್ಕೊಟ್ಟಿದ್ದು ನಾನು. ಅಕ್ಕ, ತಪ್ಪಾಯ್ತು ಕಣೇ."